ಫರ್ಮ್‌ವೇರ್ ಸಂಪನ್ಮೂಲ ವರದಿಯ ದೋಷಗಳು ಮತ್ತು ಕರ್ನೆಲ್ ಪರಿಹಾರಗಳು

ಫರ್ಮ್‌ವೇರ್ ಸಂಪನ್ಮೂಲ ವರದಿಯ ದೋಷ ಎಂದರೆ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಅಡಕವಾಗಿರುವ ಫರ್ಮ್‌ವೇರ್ ತಂತ್ರಾಂಶವು, ಯಂತ್ರದಲ್ಲಿರುವ ಮೆಮೊರಿ, ವಿಳಾಸ ವ್ಯಾಪ್ತಿ ಮತ್ತು ಸಾಧನಗಳ ಕುರಿತು ಕಾರ್ಯಾಚರಣಾ ವ್ಯವಸ್ಥೆಯ ಕರ್ನೆಲ್‌ಗೆ ತಪ್ಪಾದ, ಅಪೂರ್ಣವಾದ ಅಥವಾ ಪರಸ್ಪರ ವಿರುದ್ಧವಾದ ಮಾಹಿತಿಯನ್ನು ನೀಡುವುದು. ಇಂತಹ ಮಾಹಿತಿಯನ್ನು ನಂಬಿ ನಡೆದರೆ ಟಚ್‌ಪ್ಯಾಡ್, ಧ್ವನಿ ಅಥವಾ ಜಾಲ ಸಂಪರ್ಕದಂತಹ ಸಾಧನಗಳು ಕೆಲಸ ಮಾಡದಿರಬಹುದು. ಕೆಲವೊಮ್ಮೆ ಯಂತ್ರವೇ ಆರಂಭವಾಗದಿರಬಹುದು. ಆದುದರಿಂದ ಕರ್ನೆಲ್ ಅಭಿವೃದ್ಧಿಕಾರರು ಫರ್ಮ್‌ವೇರಿನ ಮಾತನ್ನು ಪರಿಶೀಲಿಸುವ, ತಿದ್ದುವ ಅಥವಾ ಕಡೆಗಣಿಸುವ ಪರಿಹಾರಗಳನ್ನು ಕರ್ನೆಲ್‌ನೊಳಗೇ ಅಳವಡಿಸುತ್ತಾರೆ. ಮೂಲ ಸಂಕೇತವು ಎಲ್ಲರಿಗೂ ತೆರೆದಿರುವುದರಿಂದ ಲಿನಕ್ಸ್ ಕರ್ನೆಲ್‌ನಲ್ಲಿ ಈ ಪರಿಹಾರಗಳ ಇತಿಹಾಸವನ್ನು ವಿವರವಾಗಿ ಕಾಣಬಹುದು.

## ಹಿನ್ನೆಲೆ

ಕಂಪ್ಯೂಟರಿಗೆ ವಿದ್ಯುತ್ ಹರಿದೊಡನೆ ಮೊದಲು ಚಾಲನೆಗೊಳ್ಳುವುದು ಕಾರ್ಯಾಚರಣಾ ವ್ಯವಸ್ಥೆಯಲ್ಲ, ಫರ್ಮ್‌ವೇರ್. 1981ರಲ್ಲಿ ಬಿಡುಗಡೆಯಾದ ಐಬಿಎಂ ಪಿಸಿಯಲ್ಲಿ ಈ ತಂತ್ರಾಂಶವನ್ನು ಬಯಾಸ್ ಎಂದು ಕರೆಯಲಾಗಿತ್ತು. ಇಂಟೆಲ್ ಸಂಸ್ಥೆಯು ರೂಪಿಸಿದ ಇಎಫ್‌ಐ ಎಂಬ ಹೊಸ ಮಾದರಿಯನ್ನು 2005ರಲ್ಲಿ ಸ್ಥಾಪನೆಯಾದ ಯುಇಎಫ್‌ಐ ವೇದಿಕೆಯು ಮುಂದುವರಿಸಿತು. ಇಂದಿನ ಬಹುತೇಕ ಪಿಸಿಗಳಲ್ಲಿರುವುದು ಯುಇಎಫ್‌ಐ ಆದರೂ ರೂಢಿಯಲ್ಲಿ ಅದನ್ನೂ ಬಯಾಸ್ ಎಂದೇ ಕರೆಯುತ್ತಾರೆ.

ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು 1996ರ ಡಿಸೆಂಬರಿನಲ್ಲಿ ಎಸಿಪಿಐ ಎಂಬ ಮಾನದಂಡವನ್ನು ಪ್ರಕಟಿಸಿದವು. ಯಂತ್ರದ ವಿದ್ಯುತ್ ನಿರ್ವಹಣೆ ಮತ್ತು ಸಾಧನಗಳ ವಿವರಗಳನ್ನು ಫರ್ಮ್‌ವೇರ್ ಯಾವ ರೂಪದ ಕೋಷ್ಟಕಗಳಲ್ಲಿ ಕಾರ್ಯಾಚರಣಾ ವ್ಯವಸ್ಥೆಗೆ ಒಪ್ಪಿಸಬೇಕೆಂಬುದನ್ನು ಈ ಮಾನದಂಡವು ನಿರ್ಧರಿಸುತ್ತದೆ. 2013ರಿಂದ ಇದರ ಹೊಣೆಯೂ ಯುಇಎಫ್‌ಐ ವೇದಿಕೆಯದ್ದಾಗಿದೆ.

## ಕರ್ನೆಲ್‌ಗೆ ದೊರೆಯುವ ವರದಿಗಳು

ಪ್ರೊಸೆಸರ್ ತನ್ನ ಸುತ್ತಲಿನ ಎಲ್ಲವನ್ನೂ ವಿಳಾಸಗಳ ಮೂಲಕವೇ ಗುರುತಿಸುತ್ತದೆ. ಮೆಮೊರಿಯ ಪ್ರತಿಯೊಂದು ಬೈಟಿಗೂ ವಿಳಾಸವಿರುವಂತೆ, ಪಿಸಿಐ ಸಾಧನಗಳೊಡನೆ ವ್ಯವಹರಿಸಲೂ ಕೆಲವು ವಿಳಾಸಗಳನ್ನು ಮೀಸಲಿಡಬೇಕಾಗುತ್ತದೆ. ಪ್ರತಿಯೊಂದು ಸಾಧನದಲ್ಲಿಯೂ ಮೂಲ ವಿಳಾಸ ರಿಜಿಸ್ಟರುಗಳಿದ್ದು, ಸಾಧನಕ್ಕೆ ಯಾವ ವಿಳಾಸ ದೊರೆತಿದೆ ಎಂಬುದನ್ನು ಅವುಗಳಲ್ಲಿ ಬರೆಯಲಾಗುತ್ತದೆ. ಕೆಲವು ಸಾಧನಗಳಿಗೆ ಫರ್ಮ್‌ವೇರ್ ತಾನೇ ವಿಳಾಸವನ್ನು ನೀಡಿರುತ್ತದೆ. ಉಳಿದವುಗಳಿಗೆ ಕರ್ನೆಲ್ ನೀಡಬೇಕು. ಹಾಗೆ ನೀಡಲು ಯಾವ ವಿಳಾಸಗಳು ಖಾಲಿ ಇವೆ ಎಂಬುದು ಕರ್ನೆಲ್‌ಗೆ ತಿಳಿದಿರಬೇಕು. ಇದಕ್ಕೆ ಎರಡು ಮುಖ್ಯ ಆಧಾರಗಳಿವೆ.

ಮೊದಲನೆಯದು ಇ820 ಪಟ್ಟಿ. ಬಯಾಸ್‌ನಿಂದ ಮೆಮೊರಿಯ ವಿವರವನ್ನು ಕೇಳಿ ಪಡೆಯುವ ಸೇವೆಯ ಹದಿನಾರರ ಮೂಲದ ಸಂಖ್ಯೆಯಿಂದ ಈ ಹೆಸರು ಬಂದಿದೆ. ಯಾವ ವಿಳಾಸಗಳಲ್ಲಿ ಬಳಸಬಹುದಾದ ಮೆಮೊರಿ ಇದೆ, ಯಾವುವು ಕಾಯ್ದಿರಿಸಲ್ಪಟ್ಟಿವೆ ಎಂಬುದನ್ನು ಇದು ಸಾಲುಸಾಲಾಗಿ ತಿಳಿಸುತ್ತದೆ. ಯುಇಎಫ್‌ಐ ಯಂತ್ರಗಳಲ್ಲಿ ಬೇರೆ ರೂಪದ ಮೆಮೊರಿ ನಕ್ಷೆ ಇದ್ದು, ಕರ್ನೆಲ್ ಆರಂಭವಾಗುವ ಹಂತದಲ್ಲಿ ಅದನ್ನು ಇ820 ಪಟ್ಟಿಯ ರೂಪಕ್ಕೆ ಪರಿವರ್ತಿಸಲಾಗುತ್ತದೆ.

ಎರಡನೆಯದು ಎಸಿಪಿಐ ಕೋಷ್ಟಕಗಳಲ್ಲಿರುವ ಸಿಆರ್‌ಎಸ್ ಎಂಬ ವಿವರ. ಪ್ರೊಸೆಸರ್ ಮತ್ತು ಪಿಸಿಐ ಸಾಧನಗಳ ನಡುವಿನ ಸೇತುವೆಯು ಯಾವ ವಿಳಾಸಗಳನ್ನು ಸಾಧನಗಳ ಕಡೆಗೆ ದಾಟಿಸುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ಹೀಗೆ ದಾಟಿಸುವ ವ್ಯಾಪ್ತಿಯನ್ನು ಕಿಟಕಿ ಎಂದು ಕರೆಯುವ ರೂಢಿಯಿದೆ.

ಕರ್ನಾಟಕದ ಭೂ ದಾಖಲೆಗಳೊಡನೆ ಹೋಲಿಸಿದರೆ ಈ ಎರಡರ ಸಂಬಂಧ ಸುಲಭವಾಗಿ ಅರ್ಥವಾಗುತ್ತದೆ. ಪಹಣಿಯಲ್ಲಿ ಒಂದು ಸರ್ವೆ ನಂಬರಿನ ಒಟ್ಟು ವಿಸ್ತೀರ್ಣವನ್ನೂ, ಅದರಲ್ಲಿ ಸಾಗುವಳಿಗೆ ಒದಗದ ಖರಾಬು ಜಮೀನನ್ನೂ ಬೇರೆಬೇರೆಯಾಗಿ ತೋರಿಸಲಾಗುತ್ತದೆ. ಸಿಆರ್‌ಎಸ್ ತಿಳಿಸುವ ಕಿಟಕಿಯು ಒಟ್ಟು ವಿಸ್ತೀರ್ಣವಿದ್ದಂತೆ. ಇ820 ಪಟ್ಟಿಯ ಕಾಯ್ದಿರಿಸಿದ ಭಾಗವು ಖರಾಬು ಇದ್ದಂತೆ. ಪಹಣಿಯಲ್ಲಿ ಇವೆರಡನ್ನೂ ಒಂದೇ ಇಲಾಖೆ ಒಂದೇ ಹಾಳೆಯಲ್ಲಿ ಬರೆಯುತ್ತದೆ. ಆದರೆ ಕಂಪ್ಯೂಟರಿನಲ್ಲಿ ಇವು ಪ್ರತ್ಯೇಕ ಉದ್ದೇಶಗಳಿಗಾಗಿ ಹುಟ್ಟಿದ ಪ್ರತ್ಯೇಕ ದಾಖಲೆಗಳು. ಅವು ಒಂದಕ್ಕೊಂದು ಹೊಂದಿಕೆಯಾಗದಿದ್ದಾಗ ಯಾವುದನ್ನು ನಂಬಬೇಕೆಂಬುದೇ ಕರ್ನೆಲ್ ಎದುರಿಸುವ ಮುಖ್ಯ ಸಮಸ್ಯೆ.

## ದೋಷಗಳಿಗೆ ಕಾರಣಗಳು

* ತಯಾರಕರು ಸಾಮಾನ್ಯವಾಗಿ ಫರ್ಮ್‌ವೇರನ್ನು ಯಂತ್ರದೊಡನೆ ಮಾರಾಟವಾಗುವ ಕಾರ್ಯಾಚರಣಾ ವ್ಯವಸ್ಥೆಯಲ್ಲಿ, ಅಂದರೆ ಹೆಚ್ಚಾಗಿ ವಿಂಡೋಸ್‌ನಲ್ಲಿ, ಪರೀಕ್ಷಿಸುತ್ತಾರೆ. ವಿಂಡೋಸ್ ಗಮನಿಸದ ತಪ್ಪು ಪರೀಕ್ಷೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.
* ಒಂದು ಮಾದರಿಗೆ ಬರೆದ ಕೋಷ್ಟಕಗಳನ್ನು ಅಲ್ಪಸ್ವಲ್ಪ ಬದಲಾಯಿಸಿ ಮತ್ತೊಂದು ಮಾದರಿಗೆ ಬಳಸುವುದರಿಂದ ಹಳೆಯ ತಪ್ಪುಗಳು ಹೊಸ ಯಂತ್ರಗಳಿಗೂ ಸಾಗುತ್ತವೆ.
* ಮಾನದಂಡದ ವಾಕ್ಯಗಳನ್ನು ಫರ್ಮ್‌ವೇರ್ ಬರೆಯುವವರು ಒಂದು ರೀತಿಯಲ್ಲಿಯೂ ಕರ್ನೆಲ್ ಬರೆಯುವವರು ಇನ್ನೊಂದು ರೀತಿಯಲ್ಲಿಯೂ ಅರ್ಥೈಸಿಕೊಳ್ಳುವುದುಂಟು.
* ಫರ್ಮ್‌ವೇರಿನ ಮೂಲ ಸಂಕೇತವು ಬಹುತೇಕ ಗೋಪ್ಯವಾಗಿರುತ್ತದೆ. ಆದ್ದರಿಂದ ಹೊರಗಿನವರು ತಪ್ಪನ್ನು ಕಂಡುಹಿಡಿದರೂ ಅಲ್ಲಿಯೇ ತಿದ್ದಲಾಗುವುದಿಲ್ಲ.

## ಪರಿಹಾರದ ವಿಧಾನಗಳು

ಲಿನಕ್ಸ್ ಕರ್ನೆಲ್‌ನಲ್ಲಿ ಬಳಕೆಯಲ್ಲಿರುವ ವಿಧಾನಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು.

* ಪರಿಶೀಲನೆ: ವರದಿಯು ಅಸಂಭವವೆಂದು ತೋರಿದರೆ ಅದನ್ನು ತಿರಸ್ಕರಿಸಿ, ಫರ್ಮ್‌ವೇರ್ ದೋಷ ಎಂಬ ಎಚ್ಚರಿಕೆಯನ್ನು ದಿನಚರಿಯಲ್ಲಿ ಬರೆಯುವುದು.
* ಸಾಮಾನ್ಯ ನಿಯಮ: ಎರಡು ವರದಿಗಳು ಪರಸ್ಪರ ವಿರೋಧಿಸಿದಾಗ ಯಾವುದಕ್ಕೆ ಮನ್ನಣೆ ಎಂಬುದನ್ನು ಎಲ್ಲ ಯಂತ್ರಗಳಿಗೂ ಅನ್ವಯಿಸುವಂತೆ ನಿರ್ಧರಿಸುವುದು.
* ದಿನಾಂಕದ ಗಡಿ: ಫರ್ಮ್‌ವೇರಿನಲ್ಲಿ ನಮೂದಾಗಿರುವ ದಿನಾಂಕವನ್ನು ನೋಡಿ, ಒಂದು ನಿರ್ದಿಷ್ಟ ವರ್ಷದ ನಂತರದವುಗಳಿಗೆ ಮಾತ್ರ ಹೊಸ ನಿಯಮವನ್ನು ಅನ್ವಯಿಸುವುದು.
* ಹೆಸರಿಸಿದ ವಿನಾಯಿತಿ: ತಯಾರಕರ ಹೆಸರು ಮತ್ತು ಮಾದರಿಯ ಹೆಸರನ್ನು ಗುರುತಿಸಿ, ಆ ಯಂತ್ರಕ್ಕೆ ಮಾತ್ರ ಬೇರೆ ನಿಯಮವನ್ನು ಪಾಲಿಸುವುದು. ಇದನ್ನು ಇಂಗ್ಲಿಷಿನಲ್ಲಿ ಕ್ವರ್ಕ್ ಎನ್ನುತ್ತಾರೆ.
* ಆರಂಭಿಕ ಆಯ್ಕೆ: ಕರ್ನೆಲ್ ಆರಂಭವಾಗುವಾಗ ಬಳಕೆದಾರರೇ ಒಂದು ಸೂಚನೆಯನ್ನು ನೀಡಿ ನಿಯಮವನ್ನು ಬದಲಾಯಿಸುವುದು.
* ಕೋಷ್ಟಕದ ಬದಲಾವಣೆ: ದೋಷಯುಕ್ತ ಎಸಿಪಿಐ ಕೋಷ್ಟಕದ ತಿದ್ದಿದ ಪ್ರತಿಯನ್ನು ಸಿದ್ಧಪಡಿಸಿ, ಆರಂಭದ ಹಂತದಲ್ಲಿ ಮೂಲದ ಬದಲಿಗೆ ಅದನ್ನು ಒದಗಿಸುವುದು.

ಇವುಗಳಲ್ಲಿ ಯಾವುದೂ ಪರಿಪೂರ್ಣವಲ್ಲ. ಸಾಮಾನ್ಯ ನಿಯಮವು ಕೆಲವು ಯಂತ್ರಗಳಿಗೆ ಅನುಕೂಲವಾಗಿ ಇನ್ನು ಕೆಲವಕ್ಕೆ ತೊಂದರೆಯಾಗಬಹುದು. ಹೆಸರಿಸಿದ ವಿನಾಯಿತಿಯು ಸುರಕ್ಷಿತವಾದರೂ, ಯಾರಾದರೂ ದೂರು ನೀಡುವವರೆಗೆ ಆ ಮಾದರಿಯ ಬಳಕೆದಾರರಿಗೆ ಪರಿಹಾರ ದೊರೆಯುವುದಿಲ್ಲ. ಮುಂದಿನ ಪ್ರಕರಣವು ಈ ಇಕ್ಕಟ್ಟನ್ನು ಸ್ಪಷ್ಟಪಡಿಸುತ್ತದೆ.

## ಇ820 ಮತ್ತು ಸಿಆರ್‌ಎಸ್ ಪ್ರಕರಣ

### 2010ರ ನಿಯಮ

ಎಕ್ಸ್86 ಯಂತ್ರಗಳಲ್ಲಿ ಲಿನಕ್ಸ್ ಬಹುಕಾಲ ಸಿಆರ್‌ಎಸ್ ವಿವರವನ್ನು ಬಳಸುತ್ತಿರಲಿಲ್ಲ. ಮೆಮೊರಿ ಇಲ್ಲದ ವಿಳಾಸಗಳೆಲ್ಲ ಪಿಸಿಐ ಸಾಧನಗಳಿಗೆ ಲಭ್ಯವೆಂದು ಭಾವಿಸುತ್ತಿತ್ತು. ಒಂದಕ್ಕಿಂತ ಹೆಚ್ಚು ಸೇತುವೆಗಳಿರುವ ದೊಡ್ಡ ಯಂತ್ರಗಳಲ್ಲಿ ಈ ಊಹೆ ನಿಲ್ಲುವುದಿಲ್ಲ. 2010ರ ಮೇ ತಿಂಗಳಿನಲ್ಲಿ ಬಿಡುಗಡೆಯಾದ 2.6.34 ಆವೃತ್ತಿಯಿಂದ, ಫರ್ಮ್‌ವೇರಿನ ದಿನಾಂಕವು 2008 ಅಥವಾ ಅನಂತರದ್ದಾಗಿದ್ದರೆ ಸಿಆರ್‌ಎಸ್ ವಿವರವನ್ನು ನಂಬುವ ನಿಯಮ ಜಾರಿಗೆ ಬಂದಿತು. ಅನಂತರ ಪಿಸಿಐ ವಿಭಾಗದ ನಿರ್ವಾಹಕರಾದ ಬ್ಯೋರ್ನ್ ಹೆಲ್ಗಾಸ್ ಇದನ್ನು ರೂಪಿಸಿದರು.

ಆದರೆ ಡೆಲ್ ಸಂಸ್ಥೆಯ ಹಲವು ಯಂತ್ರಗಳಲ್ಲಿ ಸಿಆರ್‌ಎಸ್ ತೋರಿಸುತ್ತಿದ್ದ ಕಿಟಕಿಯು ಇ820 ಪಟ್ಟಿಯ ಕಾಯ್ದಿರಿಸಿದ ಭಾಗದ ಮೇಲೆ ಹಾಯ್ದಿತ್ತು. ದಾಖಲಾದ ಒಂದು ಉದಾಹರಣೆಯಲ್ಲಿ ಕಿಟಕಿಯು 3071ನೆಯ ಮೆಗಾಬೈಟಿನಿಂದ ಆರಂಭವಾಗುತ್ತಿದ್ದರೆ, ಕಾಯ್ದಿರಿಸಿದ ಭಾಗವು 3072ರವರೆಗೆ ಚಾಚಿತ್ತು. ಅತಿಕ್ರಮಣವಾಗಿದ್ದುದು ಒಂದೇ ಮೆಗಾಬೈಟ್. ಆದರೆ ಲಿನಕ್ಸ್ ಕಿಟಕಿಯ ಕೆಳತುದಿಯಿಂದ ವಿಳಾಸಗಳನ್ನು ಹಂಚುತ್ತಿದ್ದುದರಿಂದ ಮೊದಲ ಸಾಧನವೇ ಆ ಭಾಗಕ್ಕೆ ಹೋಗಿ ಬೀಳುತ್ತಿತ್ತು. ಅಲ್ಲಿಟ್ಟ ಸಾಧನ ಕೆಲಸ ಮಾಡುತ್ತಿರಲಿಲ್ಲ. ವಿಂಡೋಸ್ ಮೇಲ್ತುದಿಯಿಂದ ಹಂಚುವುದರಿಂದ ಅದಕ್ಕೆ ಈ ತೊಂದರೆ ತಟ್ಟಲಿಲ್ಲವೆಂಬುದು ಅಭಿವೃದ್ಧಿಕಾರರ ಅಭಿಪ್ರಾಯವಾಗಿತ್ತು.

ಲಿನಕ್ಸ್‌ನಲ್ಲಿಯೂ ಮೇಲ್ತುದಿಯಿಂದ ಹಂಚುವ ಪ್ರಯತ್ನ ನಡೆದು, ಬೇರೆ ಯಂತ್ರಗಳಲ್ಲಿ ತೊಂದರೆ ಕಾಣಿಸಿದ್ದರಿಂದ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅದರ ಬದಲಿಗೆ, ಇ820 ಪಟ್ಟಿಯಲ್ಲಿ ಕಾಯ್ದಿರಿಸಿದ ಭಾಗವನ್ನು ಕಿಟಕಿಯಿಂದ ಕತ್ತರಿಸಿ, ಉಳಿದುದನ್ನಷ್ಟೇ ಬಳಸುವ ನಿಯಮ ಬಂದಿತು. ಇದು 2011ರ ಜನವರಿಯಲ್ಲಿ ಬಿಡುಗಡೆಯಾದ 2.6.37 ಆವೃತ್ತಿಯನ್ನು ಸೇರಿತು. ವಿಂಡೋಸ್ ಈ ರೀತಿ ಮಾಡುವುದಿಲ್ಲವಾದ್ದರಿಂದ, ವಿಂಡೋಸ್‌ಗೆ ತಟ್ಟದ ಫರ್ಮ್‌ವೇರ್ ದೋಷಗಳು ಮುಂದೆ ಲಿನಕ್ಸ್‌ಗೆ ತಟ್ಟಬಹುದೆಂದು ಹೆಲ್ಗಾಸ್ ಆ ಬದಲಾವಣೆಯ ಟಿಪ್ಪಣಿಯಲ್ಲಿಯೇ ತಮ್ಮ ಅಸಮಾಧಾನವನ್ನು ದಾಖಲಿಸಿದ್ದರು.

### ಐಡಿಯಾಪ್ಯಾಡ್ ಪ್ರಕರಣ

ಸುಮಾರು ಒಂದು ದಶಕದ ನಂತರ ಆ ಶಂಕೆ ನಿಜವಾಯಿತು. ಲೆನೊವೊ ಸಂಸ್ಥೆಯ ಐಡಿಯಾಪ್ಯಾಡ್ 3 ಮಾಲಿಕೆಯ ಕೆಲವು ಲ್ಯಾಪ್‌ಟಾಪುಗಳಲ್ಲಿ ಲಿನಕ್ಸ್ ಅಳವಡಿಸಿದರೆ ಟಚ್‌ಪ್ಯಾಡ್ ಕೆಲಸ ಮಾಡುತ್ತಿರಲಿಲ್ಲ. ಆ ಯಂತ್ರದಲ್ಲಿ ಸಿಆರ್‌ಎಸ್ ಪ್ರಕಾರ ಕಿಟಕಿಯು 1620ನೆಯ ಮೆಗಾಬೈಟಿನಿಂದ 3072ರವರೆಗೆ ಇತ್ತು. ಇ820 ಪಟ್ಟಿಯ ಪ್ರಕಾರ ಸುಮಾರು 1212ರಿಂದ 3328ರವರೆಗಿನ ಇಡೀ ಭಾಗ ಕಾಯ್ದಿರಿಸಲ್ಪಟ್ಟಿತ್ತು. ಹೋಲಿಕೆಯ ಮಾತಿನಲ್ಲಿ ಹೇಳುವುದಾದರೆ, ಇಡೀ ಹೊಲವೇ ಖರಾಬು ಎಂದು ನಮೂದಾಗಿತ್ತು. ಹಳೆಯ ನಿಯಮದಂತೆ ಕತ್ತರಿಸಿದಾಗ ಕಿಟಕಿಯಲ್ಲಿ ಏನೂ ಉಳಿಯಲಿಲ್ಲ.

ಟಚ್‌ಪ್ಯಾಡ್ ಐ2ಸಿ ಎಂಬ ನಿಯಂತ್ರಕದ ಮೂಲಕ ಪ್ರೊಸೆಸರಿಗೆ ಜೋಡಣೆಯಾಗಿರುತ್ತದೆ. ಫರ್ಮ್‌ವೇರ್ ಆ ನಿಯಂತ್ರಕಕ್ಕೆ ವಿಳಾಸವನ್ನು ನೀಡದೆ ಬಿಟ್ಟಿತ್ತು. ಅದಕ್ಕೆ ಬೇಕಾಗಿದ್ದುದು ಕೇವಲ 4 ಕಿಲೋಬೈಟ್ ಸ್ಥಳ. ಸಾವಿರದ ನಾನೂರಕ್ಕೂ ಹೆಚ್ಚು ಮೆಗಾಬೈಟ್ ಅಗಲದ ಕಿಟಕಿ ಇದ್ದರೂ ಅಷ್ಟು ಸ್ಥಳವೂ ಇಲ್ಲವೆಂದು ಕರ್ನೆಲ್ ದಿನಚರಿಯಲ್ಲಿ ಬರೆಯುತ್ತಿತ್ತು. ಅದೇ ಯಂತ್ರದಲ್ಲಿ ವಿಂಡೋಸ್ ಸರಿಯಾಗಿ ನಡೆಯುತ್ತಿದ್ದುದರಿಂದ ದೋಷ ಲಿನಕ್ಸ್‌ನದೇ ಎಂದು ಬಳಕೆದಾರರಿಗೆ ತೋರುವುದು ಸಹಜವಾಗಿತ್ತು.

### 2022ರ ತಿದ್ದುಪಡಿಗಳು

ರೆಡ್ ಹ್ಯಾಟ್ ಸಂಸ್ಥೆಯ ಹಾನ್ಸ್ ಡಿ ಗೂಡೆ ಈ ದೋಷದ ನಿವಾರಣೆಯಲ್ಲಿ ಮುಖ್ಯ ಪಾತ್ರ ವಹಿಸಿದರು. ಹೊಸ ಯಂತ್ರಗಳಲ್ಲಿ ಕತ್ತರಿಸುವ ನಿಯಮವನ್ನೇ ಕೈಬಿಡುವುದು ಮೊದಲ ಪ್ರಯತ್ನವಾಗಿತ್ತು. ಆದರೆ ಹಾಗೆ ಮಾಡಿದಾಗ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನ ಎರಡನೆಯ ತಲೆಮಾರಿನ ಲ್ಯಾಪ್‌ಟಾಪುಗಳು ನಿದ್ರಾಸ್ಥಿತಿಯಿಂದ ಮರಳದಾದವು. ಆಸುಸ್ ಸಂಸ್ಥೆಯ ಒಂದು ಕ್ರೋಮ್‌ಬುಕ್ ಮಾದರಿಯು ಆರಂಭವಾಗುವುದೇ ನಿಂತಿತು. ಆ ಯಂತ್ರಗಳಲ್ಲಿ ಇ820 ಪಟ್ಟಿಯ ಮಾತೇ ಸರಿಯಾಗಿತ್ತು. ಒಂದು ಯಂತ್ರವನ್ನು ಬದುಕಿಸಿದ ನಿಯಮವು ಮತ್ತೊಂದನ್ನು ಕೆಡಿಸಿದ್ದರಿಂದ ಬದಲಾವಣೆಯನ್ನು ಹಿಂತೆಗೆದುಕೊಳ್ಳಲಾಯಿತು.

2022ರ ಜುಲೈ 31ರಂದು ಬಿಡುಗಡೆಯಾದ 5.19 ಆವೃತ್ತಿಯಲ್ಲಿ ಹೆಚ್ಚು ಎಚ್ಚರಿಕೆಯ ಮಾರ್ಗವನ್ನು ಅನುಸರಿಸಲಾಯಿತು. ಹಳೆಯ ಯಂತ್ರಗಳಿಗೆ ಹಳೆಯ ನಿಯಮವೇ ಮುಂದುವರಿಯಿತು. ಐಡಿಯಾಪ್ಯಾಡ್ ಸೇರಿದಂತೆ ತೊಂದರೆಗೊಳಗಾದ ಮಾದರಿಗಳನ್ನು ಹೆಸರಿಸಿ ಅವುಗಳಿಗೆ ವಿನಾಯಿತಿ ನೀಡಲಾಯಿತು. ಫರ್ಮ್‌ವೇರಿನ ದಿನಾಂಕವು 2023 ಅಥವಾ ಅನಂತರದ್ದಾಗಿದ್ದರೆ ಕತ್ತರಿಸಬಾರದೆಂಬ ಗಡಿಯನ್ನು ನಿಗದಿಪಡಿಸಲಾಯಿತು. ಬಳಕೆದಾರರೇ ಎರಡರಲ್ಲೊಂದು ನಿಯಮವನ್ನು ಆಯ್ದುಕೊಳ್ಳಲು ಪಿಸಿಐ=ನೋ_ಇ820 ಮತ್ತು ಪಿಸಿಐ=ಯೂಸ್_ಇ820 ಎಂಬ ಆರಂಭಿಕ ಆಯ್ಕೆಗಳನ್ನೂ ಸೇರಿಸಲಾಯಿತು.

### ಮೂಲ ಕಾರಣದ ಶೋಧ

ಅನಂತರದ ಪರಿಶೀಲನೆಯು ಬೇರೊಂದು ಸಂಗತಿಯನ್ನು ಹೊರಗೆಡವಿತು. ಯುಇಎಫ್‌ಐ ಮೆಮೊರಿ ನಕ್ಷೆಯಲ್ಲಿ ಸಾಧನಗಳ ವಿಳಾಸ ವ್ಯಾಪ್ತಿಯನ್ನು ಸೂಚಿಸುವ ಒಂದು ವರ್ಗವಿದೆ. ಫರ್ಮ್‌ವೇರಿನ ಸೇವೆಗಳು ಮುಂದೆಯೂ ಆ ವಿಳಾಸಗಳನ್ನು ಬಳಸಲಿರುವುದರಿಂದ ಕಾರ್ಯಾಚರಣಾ ವ್ಯವಸ್ಥೆಯು ಅವುಗಳನ್ನು ತನ್ನ ನಕ್ಷೆಯಲ್ಲಿ ಸೇರಿಸಿಕೊಳ್ಳಬೇಕೆಂಬುದಷ್ಟೇ ಅದರ ಅರ್ಥ. ಅಲ್ಲಿ ಬೇರೆ ಸಾಧನಗಳನ್ನು ಇಡಬಾರದೆಂದು ಅದು ಹೇಳುವುದಿಲ್ಲ. ಆದರೆ ನಕ್ಷೆಯನ್ನು ಇ820 ರೂಪಕ್ಕೆ ಪರಿವರ್ತಿಸುವಾಗ ಬೂಟ್‌ಲೋಡರುಗಳೂ ಲಿನಕ್ಸ್‌ನ ಸ್ವಂತ ಆರಂಭಿಕ ಭಾಗವೂ ಆ ವರ್ಗವನ್ನು ಕಾಯ್ದಿರಿಸಿದ್ದು ಎಂದು ಬರೆಯುತ್ತಿದ್ದವು. ಅಂದರೆ ಫರ್ಮ್‌ವೇರಿನ ತಪ್ಪೆಂದು ಭಾವಿಸಿದ್ದರ ಒಂದು ಪಾಲು ಭಾಷಾಂತರದ ತಪ್ಪಾಗಿತ್ತು.

2023ರ ಫೆಬ್ರವರಿಯಲ್ಲಿ ಬಿಡುಗಡೆಯಾದ 6.2 ಆವೃತ್ತಿಯಲ್ಲಿ, ಇಂತಹ ವರ್ಗದ ದೊಡ್ಡ ಭಾಗಗಳನ್ನು ಇ820 ಪಟ್ಟಿಯಿಂದ ತೆಗೆದುಹಾಕುವ ವ್ಯವಸ್ಥೆ ಬಂದಿತು. 256 ಕಿಲೋಬೈಟಿಗಿಂತ ಚಿಕ್ಕ ಭಾಗಗಳನ್ನು ಮಾತ್ರ ಹಾಗೆಯೇ ಉಳಿಸಲಾಯಿತು. ಕೆಲವು ಯಂತ್ರಗಳಲ್ಲಿ ಅವು ನಿಜಕ್ಕೂ ಸಾಧನಗಳಿಗೆ ಒದಗದ ವಿಳಾಸಗಳಾಗಿರುತ್ತವೆ.

## ಇತರ ಉದಾಹರಣೆಗಳು

* ಎಂಟಿಆರ್‌ಆರ್ ರಿಜಿಸ್ಟರುಗಳು: ಮೆಮೊರಿಯ ಯಾವ ಭಾಗವನ್ನು ಕ್ಯಾಶ್ ಮಾಡಬಹುದೆಂಬುದನ್ನು ಇವು ಸೂಚಿಸುತ್ತವೆ. ಫರ್ಮ್‌ವೇರ್ ಇಡೀ ಮೆಮೊರಿಯನ್ನು ಇವುಗಳ ವ್ಯಾಪ್ತಿಗೆ ತರದಿದ್ದರೆ ಹೊರಗುಳಿದ ಭಾಗದ ಬಳಕೆ ಅತ್ಯಂತ ನಿಧಾನವಾಗುತ್ತದೆ. ಇಂತಹ ಸಂದರ್ಭದಲ್ಲಿ ಲಿನಕ್ಸ್ ಆ ಭಾಗವನ್ನು ಕೈಬಿಟ್ಟು, ಎಷ್ಟು ಮೆಗಾಬೈಟ್ ನಷ್ಟವಾಯಿತೆಂದು ದಿನಚರಿಯಲ್ಲಿ ಬರೆಯುತ್ತದೆ.
* ಡಿಎಂಎಆರ್ ಕೋಷ್ಟಕ: ಸಾಧನಗಳು ಮೆಮೊರಿಯನ್ನು ಮುಟ್ಟುವುದನ್ನು ನಿಯಂತ್ರಿಸುವ ಘಟಕದ ವಿಳಾಸ ಇದರಲ್ಲಿರುತ್ತದೆ. ಕೆಲವು ಫರ್ಮ್‌ವೇರುಗಳು ಆ ಘಟಕವು ಸೊನ್ನೆಯ ವಿಳಾಸದಲ್ಲಿದೆ ಎಂದು ವರದಿ ಮಾಡಿದ್ದುಂಟು. ಕರ್ನೆಲ್ ಅಂತಹ ವರದಿಯನ್ನು ತಿರಸ್ಕರಿಸುತ್ತದೆ.
* ಒಎಸ್‌ಐ ಪ್ರಶ್ನೆ: ತನ್ನನ್ನು ನಡೆಸುತ್ತಿರುವ ಕಾರ್ಯಾಚರಣಾ ವ್ಯವಸ್ಥೆ ಯಾವುದೆಂದು ಎಸಿಪಿಐ ಸಂಕೇತವು ಕೇಳಬಹುದು. ವಿಂಡೋಸ್ ಎಂಬ ಉತ್ತರಕ್ಕೆ ಮಾತ್ರ ಸರಿಯಾಗಿ ನಡೆಯುವ ಯಂತ್ರಗಳು ಹೆಚ್ಚಿರುವುದರಿಂದ, ಲಿನಕ್ಸ್ ತಾನು ವಿಂಡೋಸ್‌ಗೆ ಹೊಂದಿಕೊಳ್ಳುವ ವ್ಯವಸ್ಥೆಯೆಂದು ಉತ್ತರಿಸುತ್ತದೆ.

## ಹೊಣೆಗಾರಿಕೆಯ ಪ್ರಶ್ನೆ

ದೋಷ ಫರ್ಮ್‌ವೇರಿನದಾದರೆ ಅದನ್ನು ತಯಾರಕರೇ ತಿದ್ದಬೇಕು ಎಂಬ ವಾದ ನ್ಯಾಯವಾದದ್ದು. ಆದರೆ ಮಾರಾಟವಾದ ಯಂತ್ರಗಳ ಫರ್ಮ್‌ವೇರ್ ಬಹಳ ಬೇಗ ತಯಾರಕರ ಗಮನದಿಂದ ಹೊರಗುಳಿಯುತ್ತದೆ. ಹೊಸ ಆವೃತ್ತಿ ಬಂದರೂ ಎಲ್ಲ ಮಾಲೀಕರೂ ಅದನ್ನು ಅಳವಡಿಸುವುದಿಲ್ಲ. ಮತ್ತೊಂದೆಡೆ, ಹಿಂದೆ ಕೆಲಸ ಮಾಡುತ್ತಿದ್ದ ಯಂತ್ರವು ಹೊಸ ಕರ್ನೆಲ್‌ನಿಂದ ಕೆಡಬಾರದೆಂಬುದು ಲಿನಸ್ ಟೊರ್ವಾಲ್ಡ್ಸ್ ಕಟ್ಟುನಿಟ್ಟಾಗಿ ಪಾಲಿಸುತ್ತ ಬಂದಿರುವ ನಿಯಮ. ಈ ಕಾರಣದಿಂದ ಯಾರ ತಪ್ಪೆಂಬ ನಿರ್ಣಯಕ್ಕಿಂತ, ಬಳಕೆದಾರರ ಕೈಯಲ್ಲಿರುವ ಯಂತ್ರ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಕರ್ನೆಲ್‌ನಲ್ಲಿ ಹೆಚ್ಚಿನ ತೂಕ ದೊರೆತಿದೆ.

ಇದಕ್ಕೆ ಬೆಲೆಯೂ ಇದೆ. ವಿನಾಯಿತಿಗಳ ಪಟ್ಟಿ ಬೆಳೆದಂತೆ ಸಂಕೇತ ಜಟಿಲವಾಗುತ್ತದೆ. ಹಳೆಯ ಯಂತ್ರಗಳು ಸುಲಭವಾಗಿ ದೊರೆಯದಿರುವುದರಿಂದ ಹಳೆಯ ವಿನಾಯಿತಿಯನ್ನು ತೆಗೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ದಿನಾಂಕದ ಗಡಿಯಲ್ಲಿಯೂ ತೊಡಕಿದೆ: ಹಳೆಯ ಯಂತ್ರದ ಫರ್ಮ್‌ವೇರನ್ನು ನವೀಕರಿಸಿದರೆ ಅದರ ದಿನಾಂಕ ಹೊಸದಾಗಿ, ಯಂತ್ರವು ಗಡಿಯ ಇನ್ನೊಂದು ಬದಿಗೆ ಸೇರಿಬಿಡುತ್ತದೆ.

ದೀರ್ಘಕಾಲದ ಪರಿಹಾರವಾಗಿ ಕೆಲವು ಯತ್ನಗಳು ನಡೆದಿವೆ. 1999ರಲ್ಲಿ ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯಾಸ್ ಎಂಬ ಹೆಸರಿನಲ್ಲಿ ಆರಂಭವಾಗಿ 2008ರಲ್ಲಿ ಕೋರ್‌ಬೂಟ್ ಎಂದು ಹೆಸರು ಬದಲಿಸಿಕೊಂಡ ಯೋಜನೆಯು ಮುಕ್ತ ಫರ್ಮ್‌ವೇರನ್ನು ಒದಗಿಸುತ್ತದೆ. ರಿಚರ್ಡ್ ಹ್ಯೂಸ್ ಆರಂಭಿಸಿದ ಎಲ್‌ವಿಎಫ್‌ಎಸ್ ಸೇವೆಯ ಮೂಲಕ ತಯಾರಕರು ಲಿನಕ್ಸ್ ಬಳಕೆದಾರರಿಗೂ ಫರ್ಮ್‌ವೇರ್ ನವೀಕರಣಗಳನ್ನು ತಲುಪಿಸಬಹುದಾಗಿದೆ. ಕೆನಾನಿಕಲ್ ಸಂಸ್ಥೆಯ ಎಫ್‌ಡಬ್ಲ್ಯುಟಿಎಸ್ ಎಂಬ ಪರೀಕ್ಷಾ ತಂತ್ರಾಂಶವು ಯಂತ್ರದ ಫರ್ಮ್‌ವೇರನ್ನು ಪರಿಶೀಲಿಸಿ ದೋಷಗಳನ್ನು ಪಟ್ಟಿ ಮಾಡುತ್ತದೆ.

## ಕರ್ನಾಟಕ ಮತ್ತು ಕಾಸರಗೋಡಿನಲ್ಲಿ ಪ್ರಸ್ತುತತೆ

ಮುಕ್ತ ತಂತ್ರಾಂಶವನ್ನು ಶಾಲೆಗಳಲ್ಲಿ ಬಳಸುವ ಪ್ರದೇಶಗಳಿಗೆ ಈ ವಿಷಯ ನೇರವಾಗಿ ಸಂಬಂಧಿಸಿದೆ. 2010ರ ದಶಕದಲ್ಲಿ ಕರ್ನಾಟಕದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಗಳು ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಲಿನಕ್ಸ್ ಆಧಾರಿತ ಉಬುಂಟು ವ್ಯವಸ್ಥೆಯನ್ನು ಬಳಸಲಾಯಿತು. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯು ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನೇ ಒದಗಿಸುತ್ತಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳೂ ಅದರಲ್ಲಿಯೇ ಕಂಪ್ಯೂಟರ್ ಕಲಿಯುತ್ತಾರೆ.

ದೇವದುರ್ಗ, ಮಾನ್ವಿಯಂತಹ ತಾಲ್ಲೂಕು ಕೇಂದ್ರಗಳಲ್ಲಿಯೂ ಅವುಗಳ ಸುತ್ತಲಿನ ಗ್ರಾಮಗಳಲ್ಲಿಯೂ ಒಂದು ಲ್ಯಾಪ್‌ಟಾಪನ್ನು ಹಲವು ವರ್ಷ, ಹಲವು ಕೈಗಳಲ್ಲಿ ಬಳಸುವುದು ಸಾಮಾನ್ಯ. ಅನೇಕ ತಯಾರಕರು ಫರ್ಮ್‌ವೇರ್ ನವೀಕರಣವನ್ನು ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಕಾರ್ಯಕ್ರಮವಾಗಿ ನೀಡುತ್ತಾರೆ. ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ ಯಂತ್ರಕ್ಕೆ ಆ ದಾರಿ ಮುಚ್ಚಿದಂತೆಯೇ. ಆಗ ಕರ್ನೆಲ್‌ನಲ್ಲಿರುವ ಪರಿಹಾರವೇ ಉಳಿಯುವ ದಾರಿ. ಟಚ್‌ಪ್ಯಾಡ್ ನಡೆಯದ ಕಾರಣಕ್ಕೆ ಲ್ಯಾಪ್‌ಟಾಪ್ ಕೆಟ್ಟಿದೆಯೆಂದು ಬದಿಗಿಡುವ ಮೊದಲು ಈ ಸಾಧ್ಯತೆಯನ್ನು ಪರಿಶೀಲಿಸುವುದು ಉಪಯುಕ್ತ.

## ಬಳಕೆದಾರರು ಗುರುತಿಸುವ ಬಗೆ

1. ಡಿಎಂಇಎಸ್‌ಜಿ ಎಂಬ ಆಜ್ಞೆಯು ಕರ್ನೆಲ್‌ನ ದಿನಚರಿಯನ್ನು ತೋರಿಸುತ್ತದೆ. ಅದರಲ್ಲಿ ಫರ್ಮ್‌ವೇರ್ ಬಗ್ ಎಂಬ ಎಚ್ಚರಿಕೆಯನ್ನಾಗಲಿ, ಸಾಧನಕ್ಕೆ ಸ್ಥಳವಿಲ್ಲವೆಂಬ ಅರ್ಥದ ನೋ ಸ್ಪೇಸ್ ಎಂಬ ಮಾತನ್ನಾಗಲಿ ಹುಡುಕಬೇಕು.
2. ವಿತರಣೆಯ ಹೊಸ ಕರ್ನೆಲ್‌ನಲ್ಲಿ ತೊಂದರೆ ಈಗಾಗಲೇ ಪರಿಹಾರವಾಗಿದೆಯೇ ಎಂದು ನೋಡಬೇಕು. ಪೆನ್‌ಡ್ರೈವ್‌ನಿಂದ ನೇರವಾಗಿ ನಡೆಯುವ ಹೊಸ ಆವೃತ್ತಿಯನ್ನು ಬಳಸಿದರೆ ಯಂತ್ರದಲ್ಲಿರುವುದನ್ನು ಬದಲಾಯಿಸದೆಯೇ ಇದನ್ನು ಪರೀಕ್ಷಿಸಬಹುದು.
3. ಗ್ರಬ್ ಪಟ್ಟಿ ಕಾಣಿಸಿದಾಗ ಕೀಲಿಮಣೆಯ ಇ ಅಕ್ಷರವನ್ನು ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಯಲ್ಲಿ ಆರಂಭಿಕ ಆಯ್ಕೆಯನ್ನು ರೋಮನ್ ಲಿಪಿಯಲ್ಲಿ ಬರೆದು ಪರೀಕ್ಷಿಸಬಹುದು. ಹೀಗೆ ಬರೆದದ್ದು ಆ ಒಂದು ಬಾರಿಗೆ ಮಾತ್ರ ಅನ್ವಯಿಸುತ್ತದೆ. ತೊಂದರೆಯಾದರೆ ಯಂತ್ರವನ್ನು ಮತ್ತೆ ಆರಂಭಿಸಿದರೆ ಸಾಕು.
4. ಆಯ್ಕೆಯಿಂದ ಸಾಧನ ನಡೆದರೆ, ಯಂತ್ರದ ಮಾದರಿ ಮತ್ತು ಪೂರ್ಣ ದಿನಚರಿಯೊಡನೆ ವಿತರಣೆಯ ದೋಷ ವರದಿ ವ್ಯವಸ್ಥೆಗೆ ತಿಳಿಸಬೇಕು. ಹೆಸರಿಸಿದ ವಿನಾಯಿತಿಗಳು ಇಂತಹ ವರದಿಗಳಿಂದಲೇ ಹುಟ್ಟುತ್ತವೆ. ಒಬ್ಬರು ಬರೆದ ವರದಿಯಿಂದ ಅದೇ ಮಾದರಿಯ ಎಲ್ಲ ಯಂತ್ರಗಳಿಗೂ ಪರಿಹಾರ ದೊರೆಯುತ್ತದೆ.

## ಇವನ್ನೂ ನೋಡಿ

* ಲಿನಕ್ಸ್ ಕರ್ನೆಲ್
* ಬಯಾಸ್
* ಯುಇಎಫ್‌ಐ
* ಎಸಿಪಿಐ
* ಮುಕ್ತ ತಂತ್ರಾಂಶ